ತೂತುಗೂಡಿನ ಹಾರ

ರೇಷ್ಮೆ ಸೀಮೆಯಲ್ಲಿ ತೂತುಗೂಡು ಎಂದರೆ ಕೆಲಸಕ್ಕೆ ಬಾರದ ಗೂಡು. ಒಳಗಿನ ಕೋಶ ಚಿಟ್ಟೆಯಾಗಿ, ಗೂಡಿನ ತುದಿಯನ್ನು ಒದ್ದೆ ಮಾಡಿ ಮೆತ್ತಗಾಗಿಸಿ ಹೊರಬಂದ ಮೇಲೆ ಅದರಿಂದ ನೂಲು ಬಿಚ್ಚಲಾಗದು. ಒಳ್ಳೆಯ ಬೈವೋಲ್ಟೈನ್ ತಳಿಯ ಗೂಡೊಂದರಲ್ಲಿ ಸುಮಾರು ಒಂದು ಸಾವಿರ ಮೀಟರ್ ಉದ್ದದ ಎಳೆ ಸುತ್ತಿಕೊಂಡಿರುತ್ತದೆ. ನೂಲು ತೆಗೆಯುವ ರೀಲರಿಗೆ ಬೇಕಾದದ್ದು ಕಡಿಯದೆ ಬಿಚ್ಚಿಕೊಳ್ಳುವ ಆ ಎಳೆ. ಅದು ಕೆಟ್ಟಿತೆಂದರೆ ಗೂಡು ಕಸದ ಲೆಕ್ಕಕ್ಕೆ ಹೋಗುತ್ತದೆ. ಮೊಟ್ಟೆ ತಯಾರಿಸುವ ಕೇಂದ್ರಗಳಿಗೆ ಚಿಟ್ಟೆ ಬೇಕೇ ಬೇಕಾದ್ದರಿಂದ ಅಲ್ಲಿ ಇಂಥ ಗೂಡುಗಳ ರಾಶಿಯೇ ಬೀಳುತ್ತದೆ. ಎಂದೋ ಯಾರೋ ಆ ರಾಶಿಯಿಂದ ಒಂದನ್ನು ಎತ್ತಿಕೊಂಡು, ಕತ್ತರಿಯ ತುದಿಯಲ್ಲಿ ಅಂಚನ್ನು ಎಸಳೆಸಳಾಗಿ ಸೀಳಿ, ಬಣ್ಣದ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ದಾರಕ್ಕೆ ಪೋಣಿಸಿದರು. ಗೂಡು ಹೂವಾಯಿತು, ಹೂವು ಹಾರವಾಯಿತು. ರೇಷ್ಮೆ ಬೆಳೆಗಾರರ ಸಭೆಗಳಲ್ಲಿ ಅತಿಥಿಗಳ ಕೊರಳಿಗೆ ಬೀಳುವ ಈ ಹಾರ ಸಂಜೆಯಾದರೂ ಬಾಡುವುದಿಲ್ಲ, ವರ್ಷ ಕಳೆದರೂ ಗೋಡೆಯ ಮೊಳೆಯ ಮೇಲೆ ನಿಲ್ಲುತ್ತದೆ. ಮಾರುಕಟ್ಟೆ ಬೇಡವೆಂದ ವಸ್ತುವಿನಲ್ಲಿ ಹೂವನ್ನು ಕಂಡ ಆ ಕಣ್ಣು ಎಲ್ಲಿ ತಯಾರಾಯಿತು, ಯಾವ ಶಾಲೆಯಲ್ಲಿ ಕಲಿಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದು.

ಅದನ್ನು ಚನ್ನರಾಯಪಟ್ಟಣದಿಂದಲೇ ಕೇಳಲು ತೊಡಗೋಣ. ಚನ್ನರಾಯಪಟ್ಟಣ ಎಂದ ಕೂಡಲೇ ಹೆಚ್ಚಿನ ಓದುಗರಿಗೆ ಹಾಸನ ಜಿಲ್ಲೆಯ ಊರು ನೆನಪಾಗುತ್ತದೆ. ಇಲ್ಲಿ ಮಾತು ಬೆಂಗಳೂರು ಗ್ರಾಮಾಂತರ ಜಿಲ್ಲೆಯ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯದು. ಹಿಪ್ಪುನೇರಳೆ, ರಾಗಿ, ದ್ರಾಕ್ಷಿ, ಹೂವು, ತರಕಾರಿಯ ಸೀಮೆ ಇದು. ಒಂದು ಕಡೆ ವಿಜಯಪುರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆ, ಇನ್ನೊಂದು ಕಡೆ 2008ರಲ್ಲಿ ತೆರೆದ ವಿಮಾನ ನಿಲ್ದಾಣ, ಅದರಾಚೆ ಪವರ್‌ಲೂಮಿನ ಸದ್ದಿನ ದೊಡ್ಡಬಳ್ಳಾಪುರ, ಅಲ್ಲಿನ ಅಪರೆಲ್ ಪಾರ್ಕು. ಸೊಪ್ಪಿನಿಂದ ಹುಳು, ಹುಳುವಿನಿಂದ ಗೂಡು, ಗೂಡಿನಿಂದ ನೂಲು, ನೂಲಿನಿಂದ ಸೀರೆ, ಬಟ್ಟೆಯಿಂದ ಸಿದ್ಧ ಉಡುಪು ಎಂಬ ಇಡೀ ಸರಪಳಿ ಒಂದು ಹಗಲಿನ ಬಸ್ಸಿನ ದಾರಿಯೊಳಗೆ ಸಿಗುವ ಜಾಗಗಳು ಹೆಚ್ಚಿಲ್ಲ. ಈ ಸರಪಳಿಯ ಯಾವ ಲೆಕ್ಕಕ್ಕೂ ಸೇರದ ಇನ್ನೊಂದು ಕೆಲಸ ಇದೇ ಮನೆಗಳೊಳಗೆ ನಡೆದೇ ಇರುತ್ತದೆ: ಸೆರಗಿಗೆ ಕುಚ್ಚು, ರವಿಕೆಯ ತೋಳಿಗೆ ಆರಿ ವರ್ಕ್, ಕ್ರೋಶಾ ಕಡ್ಡಿಯಲ್ಲಿ ಟಿವಿ ಮೇಲಿನ ಹೊದಿಕೆ, ಪ್ಲಾಸ್ಟಿಕ್ ವೈರಿನ ಬುಟ್ಟಿ, ಬಾಗಿಲಿಗೆ ಮಣಿ ತೋರಣ, ಅಂಗಳಕ್ಕೆ ರಂಗೋಲಿ. ಮನೆಗೆ ಬಂದವರು ಕೇಳಿದರೆ ಸಿಗುವ ಉತ್ತರ ಒಂದೇ: ‘ಏನಿಲ್ಲ, ಸುಮ್ನೆ ಟೈಂಪಾಸ್‌ಗೆ.’ ಮಾಡಿದವರೇ ತಮ್ಮ ಕೆಲಸವನ್ನು ಹೀಗೆ ಕಿರಿದು ಮಾಡಿ ಹೇಳುವುದು ವಿನಯದಿಂದ ಇರಬಹುದು. ಆದರೆ ಆ ಮಾತನ್ನು ಕೇಳಿದವರೆಲ್ಲ ನಂಬಿಬಿಟ್ಟಿದ್ದಾರೆ ಎಂಬುದು ನಿಜವಾದ ತೊಂದರೆ.

ನನ್ನ ವಾದ ಇಷ್ಟೇ. ಕೈಕೆಲಸದ ಬೆಲೆ ಅಳೆಯುವಾಗ ಮೊದಲು ಕೇಳಬೇಕಾದದ್ದು ‘ಇದರಿಂದ ಎಷ್ಟು ಸಿಗುತ್ತದೆ’ ಎಂದಲ್ಲ, ‘ಇದರಲ್ಲಿ ತೀರ್ಮಾನ ಯಾರದು’ ಎಂದು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಅಲ್ಲಿನ ಲೈನಿನಲ್ಲಿ ಒಬ್ಬರು ಕಾಲರ್ ಕೂರಿಸುತ್ತಾರೆ, ಒಬ್ಬರು ಕಫ್, ಒಬ್ಬರು ಜೇಬು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇರುತ್ತದೆ. ಅವಳ ಕೈಚಳಕ ಯಾವ ಕಸುಬುದಾರನಿಗೂ ಕಡಿಮೆಯಿಲ್ಲ, ಹೊಲಿಗೆ ಗೆರೆ ಎಳೆದಂತೆ ನೇರ. ಆದರೆ ಬಟ್ಟೆ ಯಾವುದು, ಬಣ್ಣ ಯಾವುದು, ಜೇಬು ಎಲ್ಲಿರಬೇಕು ಎಂಬುದು ಎಲ್ಲೋ ದೂರದಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ಐದು ವರ್ಷ ಜೇಬನ್ನೇ ಹೊಲಿದವಳಿಗೆ ಒಂದು ಅಂಗಿಯನ್ನು ಮೊದಲಿಂದ ಕೊನೆಯವರೆಗೆ ಹೊಲಿಯುವ ಪ್ರಸಂಗವೇ ಬರದಿರಬಹುದು. ಅದೇ ಹೆಣ್ಣುಮಗಳು ಭಾನುವಾರ ಮಗಳ ಲಂಗಕ್ಕೆ ಹಳೆಯ ಸೀರೆಯನ್ನು ನೆಲದ ಮೇಲೆ ಹರಡಿ ಕೂತಾಗ ಎಲ್ಲ ಪ್ರಶ್ನೆಗಳೂ ಒಮ್ಮೆಗೇ ಅವಳ ಮುಂದೆ ಬಂದು ನಿಲ್ಲುತ್ತವೆ. ಅಂಚು ಕೆಳಗೆ ಬರಬೇಕೋ, ಸೊಂಟಕ್ಕೋ? ಸವೆದ ಭಾಗವನ್ನು ನೆರಿಗೆಯೊಳಗೆ ಅಡಗಿಸಬಹುದೇ? ಮುಂದಿನ ವರ್ಷ ಮಗು ಉದ್ದವಾದಾಗ ಬಿಚ್ಚಿಕೊಳ್ಳಲು ಎಷ್ಟು ಮಡಿಕೆ ಬಿಡಬೇಕು? ಕೈ ಅದೇ, ಮಿಷನ್ ಹೆಚ್ಚುಕಡಿಮೆ ಅದೇ. ಬದಲಾದದ್ದು ಕತ್ತರಿ ಹಾಕುವ ಅಧಿಕಾರ.

ರವಿಕೆಯನ್ನೇ ತೆಗೆದುಕೊಳ್ಳಿ. ಪ್ರತಿ ಊರಲ್ಲೂ ಹೊಲಿಯುವವರಿದ್ದಾರೆ ಎಂಬ ಕಾರಣಕ್ಕೆ ಅದನ್ನು ಸುಲಭವೆಂದುಕೊಂಡಿದ್ದೇವೆ. ಚಪ್ಪಟೆಯಾದ ಬಟ್ಟೆಯಿಂದ ಉಬ್ಬುತಗ್ಗಿನ ಮೈಗೆ ಸುಕ್ಕಿಲ್ಲದೆ ಕೂರುವ ಉಡುಪು ಮಾಡುವುದು ರೇಖಾಗಣಿತದ ಗಟ್ಟಿ ಸಮಸ್ಯೆ. ಭೂಗೋಳವನ್ನು ಕಾಗದದ ಮೇಲೆ ಹರಡಲು ಹೋದ ನಕಾಶೆಕಾರರು ಶತಮಾನಗಳ ಕಾಲ ಪಟ್ಟ ಪಾಡನ್ನೇ ರವಿಕೆ ಕತ್ತರಿಸುವವರು ತಿರುಗುಮುರುಗಾಗಿ ಪಡುತ್ತಾರೆ. ಡಾರ್ಟ್ ಎಂದು ನಾವು ಕರೆಯುವ ಆ ಸಣ್ಣ ತ್ರಿಕೋನದ ಮಡಿಕೆ ಈ ಸಮಸ್ಯೆಗೆ ಸಿಕ್ಕ ಪರಿಹಾರ: ಒಂದು ಬಿಂದುವಿನತ್ತ ಬಟ್ಟೆಯನ್ನು ಕಿರಿದು ಮಾಡಿದರೆ ಆ ಬಿಂದುವಿನ ಸುತ್ತ ಉಬ್ಬು ಹುಟ್ಟುತ್ತದೆ. ಬಟ್ಟೆಯನ್ನು ನೇರವಾಗಿ ಕತ್ತರಿಸುವುದಕ್ಕೂ ಕ್ರಾಸ್ ಕಟ್ ಮಾಡುವುದಕ್ಕೂ ಇರುವ ವ್ಯತ್ಯಾಸ ನೇಯ್ಗೆಯ ಗುಣದ್ದು. ಹಾಸು, ಹೊಕ್ಕುಗಳ ದಿಕ್ಕಿಗೆ ಎಳೆದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ, ಓರೆಯಾಗಿ ಎಳೆದರೆ ಹಿಗ್ಗುತ್ತದೆ. ಓರೆಯಾಗಿ ಕತ್ತರಿಸಿದ ಭಾಗ ಮೈಯ ಜೊತೆ ಬಾಗುವುದು ಆ ಕಾರಣಕ್ಕೆ. ಟೇಪು, ಸೀಮೆಸುಣ್ಣ, ಒಂದು ‘ಅಳತೆ ಬ್ಲೌಸ್’ ಇಟ್ಟುಕೊಂಡು ಇದನ್ನೆಲ್ಲ ಲೆಕ್ಕ ಹಾಕುವವರು ತಮಗೆ ಗಣಿತ ಬಾರದೆಂದು ಹೇಳಿಕೊಳ್ಳುತ್ತಾರೆ. ಅವರಿಗೆ ಬಾರದಿರುವುದು ಗಣಿತದ ಪುಸ್ತಕದ ಭಾಷೆ ಅಷ್ಟೇ.

ರಂಗೋಲಿಯ ವಿಷಯದಲ್ಲಿ ಈ ಮಾತನ್ನು ವಿದ್ವಾಂಸರೇ ಒಪ್ಪಿಕೊಂಡಾಗಿದೆ. 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿದ್ದ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಅವರ ಸಹೋದ್ಯೋಗಿಗಳು ತಮಿಳರ ಕೋಲಂ ಅನ್ನು ಅಧ್ಯಯನಕ್ಕೆ ತೆಗೆದುಕೊಂಡು, ಚುಕ್ಕಿಗಳ ಸುತ್ತ ಎಳೆ ಸಾಗುವ ಕ್ರಮವನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣವಾಗಿ ಬರೆದರು. ದೇವನಹಳ್ಳಿ ಸೀಮೆಯ ಅಂಗಳಗಳಲ್ಲಿ ಬೀಳುವ ಎಳೆ ರಂಗೋಲಿ ಆ ಕೋಲಂನ ಒಡಹುಟ್ಟು. ‘15ರಿಂದ 8, ಮಧ್ಯಚುಕ್ಕಿ’ ಎಂದು ಕನ್ನಡ ವಾರಪತ್ರಿಕೆಗಳು ಚಿತ್ರದ ಕೆಳಗೆ ಅಚ್ಚು ಹಾಕುವ ಸಾಲು ನಿಜಕ್ಕೂ ಒಂದು ಸೂತ್ರ. ನಡುವಿನ ಸಾಲಿನಲ್ಲಿ 15 ಚುಕ್ಕಿ, ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಡಿಮೆಯಾಗುತ್ತ 8, ಪ್ರತಿ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ನಡುವೆ. ಆರು ಮೂಲೆಯ ಇಡೀ ಹಂದರ ಅಷ್ಟು ಮಾತಿನಲ್ಲಿ ಅಡಗಿದೆ. ಓದಿದವರು ಪುಡಿ ಬಿಡುತ್ತ ಅದನ್ನು ಬಿಡಿಸಿಕೊಳ್ಳುತ್ತಾರೆ.

ಆದರೂ ಈ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಧಾರವಾಡ ಸೀಮೆಯ ಕಸೂತಿ. ಅದರ ನಾಲ್ಕು ಹೊಲಿಗೆಗಳ ಹೆಸರು ಗವಂತಿ, ಮುರಗಿ, ನೇಗಿ, ಮೆಂತೆ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಎಳೆಯುವಂತಿಲ್ಲ, ಅಚ್ಚು ಒತ್ತುವಂತಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ ಎಲ್ಲ ಮೂಡಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂದು ಜಾಗ ಬಿಟ್ಟು ಬಿಟ್ಟು ಸಾಗುತ್ತದೆ, ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಗಂಟು ಕಾಣಿಸದು, ಬಟ್ಟೆಯ ಮುಂದೂ ಹಿಂದೂ ಒಂದೇ ಚಿತ್ರ. ನೇರ ಗೆರೆಗೆ ಇದು ಸುಲಭ. ಗೋಪುರಕ್ಕೆ ಕವಲುಗಳಿವೆ, ಕವಲಿಗೆ ಉಪಕವಲು. ಯಾವ ಕವಲಿಗೆ ಯಾವಾಗ ತಿರುಗಿ ಯಾವಾಗ ಹಿಂದಿರುಗಬೇಕು ಎಂಬುದನ್ನು ಮೊದಲೇ ಮನಸ್ಸಿನಲ್ಲಿ ನಡೆದು ನೋಡದಿದ್ದರೆ ದಾರ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಆಗದು ಎಂದು ತೋರಿಸಿದ. ಗಣಿತದ ಒಂದು ಹೊಸ ಶಾಖೆಯೇ ಅಲ್ಲಿಂದ ಬೆಳೆಯಿತು. ಪ್ರತಿ ಗೆರೆಯನ್ನೂ ಎರಡು ಸಲ, ಹೋಗುತ್ತ ಒಮ್ಮೆ ಬರುತ್ತ ಒಮ್ಮೆ ದಾಟಿದರೆ ಹೊರಟಲ್ಲಿಗೇ ಬಂದು ಸೇರಬಹುದು ಎಂಬ ಅದರದೇ ಜಾತಿಯ ತಿಳಿವಳಿಕೆ ಚಂದ್ರಕಾಳಿ ಸೀರೆಯ ಸೆರಗಿನ ಮೇಲೆ ಕೂತಿದೆ. ಇದನ್ನು ಕಲಿಸಿದವರು ಅಜ್ಜಿಯರು, ಅತ್ತೆಯರು.

ಕಸೂತಿಯದು ಎಣಿಕೆಯ ಶಿಸ್ತಾದರೆ ಕೌದಿಯದು ಹೊಂದಿಸುವ ಶಿಸ್ತು. ಹಳೇ ಮೈಸೂರು ಕಡೆ ಬೊಂತೆ ಎನ್ನುವ ಹೊದಿಕೆ ಉತ್ತರ ಕರ್ನಾಟಕದಲ್ಲಿ ಕೌದಿ. ಹರಿದ ಸೀರೆ, ಪಂಚೆ, ಮಕ್ಕಳ ಅಂಗಿಗಳನ್ನು ಪದರಪದರವಾಗಿ ಹಾಸಿ ದಾರ ಓಡಿಸುವುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಮಾಡಿದ ‘ಫೂಲ’ ಕೂರಿಸುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಬೆಚ್ಚಗಿರಲು ಆ ಮೂಲೆಯ ಹೂವಿನ ಅಗತ್ಯವೇನೂ ಇಲ್ಲ. ಹೊಟ್ಟೆಬಟ್ಟೆಗೆ ಕಷ್ಟವಿದ್ದ ಮನೆಗಳಲ್ಲೂ ಅದನ್ನು ಬಿಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಹವ್ಯಾಸವೆಂದರೆ ಉಂಡು ಮಿಕ್ಕವರ ಶೋಕಿ ಎಂದು ವಾದಿಸುವವರಿಗೆ ಈ ಮೂಲೆಯ ಹೂವೇ ಉತ್ತರ. ನಮ್ಮ ಸೀಮೆಯ ಕುಚ್ಚಿನ ಕಥೆಯೂ ಬೇರೆಯಲ್ಲ. ಮಗ್ಗದಿಂದ ಕತ್ತರಿಸಿದ ಸೀರೆಯ ಸೆರಗಿನ ತುದಿಯಲ್ಲಿ ಹಾಸಿನ ಎಳೆಗಳು ಬಿಡಿಬಿಡಿಯಾಗಿ ಜೋಲುತ್ತವೆ. ಗಂಟು ಹಾಕದಿದ್ದರೆ ನೇಯ್ಗೆ ಬಿಚ್ಚಿಕೊಳ್ಳುತ್ತದೆ. ಗಂಟು ಹಾಕಲೇಬೇಕಾದ ಮೇಲೆ ಚೆಂದವಾಗಿ ಏಕೆ ಹಾಕಬಾರದು ಎಂದು ಹೊರಟ ಕೈ ಮಣಿ ಕುಚ್ಚು, ಬೇಬಿ ಕುಚ್ಚು, ಕ್ರೋಶಾ ಕುಚ್ಚಿನವರೆಗೆ ಬಂದಿದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಹಣದ್ದು, ಅದು ಸಣ್ಣ ಮಾತಲ್ಲ. ಕೈಯಲ್ಲಿ ಕಸುಬಿದ್ದೂ ಸಂಪಾದನೆಯಿಲ್ಲದ ಹೆಂಗಸಿಗೆ ‘ನಿನ್ನ ಕಲೆಗೆ ಅದರದೇ ಬೆಲೆಯಿದೆ’ ಎಂದು ಹೇಳುವುದು ಹೊಟ್ಟೆ ತುಂಬಿದವರ ಉಪದೇಶವಾದೀತು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಉಪಕರಣ ಕೊಳ್ಳಲು 15,000 ರೂಪಾಯಿಯವರೆಗೆ ನೆರವಿದೆ. ಹೊಲಿಗೆ ಯಂತ್ರ ಕೊಡುವ ಬೇರೆ ಯೋಜನೆಗಳೂ ಇವೆ. ಇವು ಬೇಕು, ಹೆಚ್ಚಾಗಲಿ. ಕುಚ್ಚು ಹಾಕಿ ಮಗಳ ಫೀಸು ಕಟ್ಟುವವರ ಸಂಪಾದನೆ ಕೂಡ ಗೌರವದ್ದು. ನನ್ನ ತಕರಾರು ಇಷ್ಟು: ಸಂಪಾದನೆಯನ್ನೇ ಏಕೈಕ ಅಳತೆಗೋಲು ಮಾಡಿಕೊಂಡರೆ ಮಿಷನ್ ಕೊಟ್ಟ ಮೇಲೆ ಕೇಳುವ ಪ್ರಶ್ನೆ ‘ತಿಂಗಳಿಗೆ ಎಷ್ಟು ಬಂತು’ ಎಂಬುದೊಂದೇ ಆಗುತ್ತದೆ. ಆಗ ಬೇಗ ಹೊಲಿದು ಬೇಗ ಮಾರುವ ಹತ್ತು ಮಾದರಿ ಉಳಿದುಕೊಳ್ಳುತ್ತವೆ, ಹನ್ನೊಂದನೆಯದನ್ನು ಹುಡುಕುವ ಬಿಡುವು ಹೋಗುತ್ತದೆ. ಮಾರುಕಟ್ಟೆಗೂ ಇದರಿಂದ ನಷ್ಟ. ತೂತುಗೂಡಿನಲ್ಲಿ ಹೂವು ಕಂಡದ್ದು ಟಾರ್ಗೆಟ್ ಮುಗಿಸುವ ಆತುರದಲ್ಲಿದ್ದ ಕಣ್ಣಿಗಾಗಿರಲಾರದು. ಯಂತ್ರಗಳ ಬಗ್ಗೆ ಕಠಿಣವಾಗಿದ್ದ ಗಾಂಧೀಜಿ ಕೂಡ 1924ರಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸುವಾಗ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಮನುಷ್ಯನನ್ನು ಮುಂದಿಟ್ಟುಕೊಂಡ ಯಂತ್ರ, ಕೈಯನ್ನು ನಿಷ್ಕ್ರಿಯ ಮಾಡದ ಯಂತ್ರ ಅವರಿಗೆ ಒಪ್ಪಿತವಾಗಿತ್ತು. ಅಲ್ಲಿ ಅವರು ಎಳೆದ ಗೆರೆಯನ್ನೇ ನಾನು ತೀರ್ಮಾನ ಯಾರದು ಎಂಬ ಪ್ರಶ್ನೆಯಲ್ಲಿ ಎಳೆಯುತ್ತಿದ್ದೇನೆ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದದ್ದು. ಹೊಲಿಗೆ, ಹೆಣಿಗೆ, ರಂಗೋಲಿಯನ್ನು ಹೊಗಳುವುದೆಂದರೆ ಹೆಣ್ಣನ್ನು ಮನೆಯೊಳಗೆ ಕೂರಿಸುವ ಹಳೆಯ ಉಪಾಯ ಅಲ್ಲವೇ? ಮದುವೆಗೆ ಬಂದ ಹುಡುಗಿಗೆ ಕಸೂತಿ ಬರುತ್ತದೆಯೇ ಎಂದು ಕೇಳುತ್ತಿದ್ದ ಕಾಲವನ್ನು ನೆನೆದರೆ ಈ ಆಕ್ಷೇಪವನ್ನು ತಳ್ಳಿಹಾಕಲಾಗದು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಐದು ಗಂಟೆ ದುಡಿದವಳ ಮೇಲೆ ಇನ್ನೊಂದು ಗಂಟೆಯ ಹೊಲಿಗೆಯನ್ನು ಹೇರಿದರೆ ಅದು ಹವ್ಯಾಸವಾಗುವುದಿಲ್ಲ, ಆರನೆಯ ಗಂಟೆಯ ಚಾಕರಿಯಾಗುತ್ತದೆ. ಇಲ್ಲೂ ನನಗೆ ನೆರವಾಗುವುದು ಅದೇ ಅಳತೆಗೋಲು. ಇಡೀ ಕುಟುಂಬದ ಹರಿದ ಬಟ್ಟೆಗೆ ತೇಪೆ ಹಾಕುವುದು ಅವಳ ಪಾಲಿಗೇ ಬಿದ್ದಿದ್ದರೆ ಅಲ್ಲಿ ತೀರ್ಮಾನ ಅವಳದಲ್ಲ. ಬೇಡವೆನಿಸಿದ ದಿನ ಸೂಜಿ ಕೆಳಗಿಡುವ ಸ್ವಾತಂತ್ರ್ಯ ಇದ್ದಾಗ ಮಾತ್ರ ಎತ್ತಿಕೊಂಡದ್ದಕ್ಕೆ ಅರ್ಥ. ಹಾಗಾಗಿ ಹವ್ಯಾಸವನ್ನು ಗೌರವಿಸುವ ಮನೆ ಮೊದಲು ಆ 97 ನಿಮಿಷವನ್ನು ಹೆಚ್ಚಿಸಬೇಕು. ಹುಡುಗರ ಕೈಗೂ ಸೂಜಿ ಕೊಡಬೇಕು. ಸಂಬಳ ಸಿಗುವ ಹೊಲಿಗೆ ಗಂಡಸಿನ ಕಸುಬಾಗಿ, ಸಿಗದ ಹೊಲಿಗೆ ಹೆಂಗಸಿನ ಗುಣವಾಗಿ ಹಂಚಿಹೋದದ್ದು ಪ್ರಕೃತಿ ನಿಯಮವಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ರಾಟೆಯ ಕಾಯಕದ ಕದಿರ ರೆಮ್ಮವ್ವೆಯೂ ಇದ್ದರು, ಸೂಜಿಕಾಯಕದ ರಾಮಿತಂದೆಯೂ ಇದ್ದರು. ಕೈಯಲ್ಲಿ ಹಿಡಿದ ಉಪಕರಣ ಇಬ್ಬರ ಹೆಸರಿಗೂ ಸೇರಿಕೊಂಡಿತ್ತು.

ಫೋನಿನಲ್ಲಿ ನೋಡಿ ನಕಲು ಮಾಡುವುದರಲ್ಲಿ ಸೃಜನಶೀಲತೆ ಎಲ್ಲಿ ಎಂಬ ಮಾತಿಗೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಕಸೂತಿಯ ಗೋಪುರವೂ ನಕಲಾಗಿಯೇ ಕೈಯಿಂದ ಕೈಗೆ ಬಂದದ್ದು. ಸಂಗೀತ ಕಲಿಯುವವರು ಸರಳೆ ವರಸೆಯನ್ನು ಸ್ವಂತವಾಗಿ ರಚಿಸುವುದಿಲ್ಲ. ವಿಡಿಯೋದಲ್ಲಿ ಕಂಡ ಕುಚ್ಚು ಮನೆಯಲ್ಲಿರುವ ದಾರಕ್ಕೆ, ಉಳಿದಿರುವ ಮಣಿಗೆ, ಈ ಸೀರೆಯ ಅಂಚಿಗೆ ಹೊಂದದಿದ್ದಾಗ ಶುರುವಾಗುವ ಹೊಂದಾಣಿಕೆಯಲ್ಲಿ ಕಲಿಕೆ ಇದೆ. ಸಿದ್ಧ ಉಡುಪು ಅಗ್ಗ ಎಂಬುದೂ ನಿಜ. ಆದರೆ ಒಂದು ರವಿಕೆಯನ್ನಾದರೂ ಸ್ವತಃ ಹೊಲಿದವರು ಅಂಗಡಿಯ ಅಂಗಿಯನ್ನು ಮಗುಚಿ ಒಳಹೊಲಿಗೆ ನೋಡುತ್ತಾರೆ. ಆ ನೋಟ ಅವರನ್ನು ಬೇರೆಯದೇ ಗಿರಾಕಿಯಾಗಿ ಮಾಡುತ್ತದೆ.

ಹಾಗೆ ಮಗುಚಿ ನೋಡುವ ಕಣ್ಣು ಬಟ್ಟೆಗೆ ನಿಲ್ಲುವುದಿಲ್ಲ. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದು ಸುತ್ತಾಡಿ 1958ರಲ್ಲಿ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯ ಬೆನ್ನಿಗೆ, 1961ರಲ್ಲಿ. ನಮ್ಮ ನೆಲದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಅತಿ ಸುಂದರವಾದದ್ದೆಂದು ಅವರು ಎತ್ತಿಹಿಡಿದದ್ದು ದಿನಬಳಕೆಯ ಲೋಟಾವನ್ನು, ಎಂದರೆ ನಮ್ಮ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಸುರಿಯುವಾಗ ಧಾರೆ ಹೇಗೆ ಬೀಳುತ್ತದೆ, ಕೈಗೆ, ಸೊಂಟಕ್ಕೆ, ತಲೆಗೆ ಹೇಗೆ ಕೂರುತ್ತದೆ ಎಂದು ಅವರು ಪ್ರಶ್ನೆಗಳ ಸಾಲನ್ನೇ ಇಟ್ಟರು. ಅದೇ ಪ್ರಶ್ನೆಗಳನ್ನು ಚನ್ನರಾಯಪಟ್ಟಣ ಸೀಮೆಯ ರೇಷ್ಮೆ ಮನೆಯಲ್ಲಿರುವ ಚಂದ್ರಿಕೆಗೆ ಕೇಳಿ ನೋಡಿ. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಸುರುಳಿಯಾಗಿ ನಿಲ್ಲಿಸಿದ್ದಾರೆ. ಹಣ್ಣಾದ ಹುಳು ಗೂಡು ಕಟ್ಟಲು ಎರಡು ಬದಿಯ ಆಸರೆ ಕೇಳುತ್ತದೆ, ಸುರುಳಿಯ ಸಂದು ಅದನ್ನು ಕೊಡುತ್ತದೆ. ಗೂಡು ಕಟ್ಟುವ ಮುನ್ನ ಹುಳು ಮೈಯ ನೀರನ್ನು ಹೊರಹಾಕುತ್ತದೆ. ಚಂದ್ರಿಕೆಯನ್ನು ನೆರಳಿನಲ್ಲಿ ಓರೆಯಾಗಿ ನಿಲ್ಲಿಸಿದರೆ ಅದು ಇಳಿದುಹೋಗುತ್ತದೆ, ಗಾಳಿ ಆಡುತ್ತದೆ, ಗೂಡಿಗೆ ಕಲೆ ಕೂರುವುದಿಲ್ಲ. ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದ ಮೇಲೆ ಹಲವು ಮನೆಗಳಲ್ಲಿ ಚಂದ್ರಿಕೆ ಅಟ್ಟ ಸೇರಿದೆ. ಕೆಲವರಿಗೆ ಅದು ಗೋಡೆಗೆ ತೂಗುಹಾಕುವ ಅಲಂಕಾರವಾಗಿ ಕಂಡಿದೆ, ತಪ್ಪೇನಿಲ್ಲ. ಆದರೆ ಆ ಸುರುಳಿ ಏಕೆ ಸುರುಳಿಯಾಗಿದೆ ಎಂದು ಬಲ್ಲವರ ಮನೆಯ ಗೋಡೆಯಲ್ಲಿ ಅದು ಹೆಚ್ಚು ಚೆಂದ ಕಾಣುತ್ತದೆ.

ಕೊನೆಯ ಆಕ್ಷೇಪವೊಂದು ಉಳಿದಿದೆ. ದಾರದ ಬಣ್ಣ ಆರಿಸುವುದನ್ನೆಲ್ಲ ತೀರ್ಮಾನ ಎಂದು ದೊಡ್ಡದು ಮಾಡುವುದು ಈ ಹೋಬಳಿಯಲ್ಲಿ ಒಪ್ಪುತ್ತದೆಯೇ? ಇಲ್ಲಿನ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆ ವಶಪಡಿಸಿಕೊಳ್ಳುವ ಪ್ರಸ್ತಾವದ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಅಂಥ ತೀರ್ಮಾನದ ಪಕ್ಕದಲ್ಲಿ ಕುಚ್ಚಿನ ಬಣ್ಣ ಎಲ್ಲಿ? ಆ ಹೋರಾಟಕ್ಕೂ ಕುಚ್ಚಿಗೂ ನೇರ ನಂಟು ಕಟ್ಟಲು ನಾನು ಹೋಗುವುದಿಲ್ಲ, ಅದು ಅತಿಯಾದೀತು. ಇಷ್ಟನ್ನು ಮಾತ್ರ ಹೇಳಬಹುದು. ಎಕರೆಗೆ ಎಷ್ಟು ಪರಿಹಾರ, ಎಷ್ಟು ಜನಕ್ಕೆ ಉದ್ಯೋಗ ಎಂಬ ಲೆಕ್ಕದಲ್ಲಿ ಹಿಪ್ಪುನೇರಳೆ ತೋಟದ ಎಲ್ಲ ಬೆಲೆಯೂ ಹಿಡಿಯುವುದಿಲ್ಲ ಎಂದು ಆ ರೈತರು ಮೂರು ವರ್ಷ ಹೇಳಿದರು. ಮನೆಯೊಳಗಿನ ಕೈಕೆಲಸದ ಬಗ್ಗೆಯೂ ನಾವು ಅದೇ ಕಿರಿದಾದ ಲೆಕ್ಕವನ್ನು ಹಿಡಿದಿದ್ದೇವೆ.

ಲೆಕ್ಕ ಬದಲಾಗಲು ದೊಡ್ಡ ಯೋಜನೆ ಬೇಕಿಲ್ಲ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಪುಸ್ತಕ, ಕಂಪ್ಯೂಟರ್, ಮಕ್ಕಳ ಆಟಕ್ಕೆ ಜಾಗ ಸಿಕ್ಕಿರುವಾಗ ಒಂದು ಹೊಲಿಗೆ ಮಿಷನ್ನಿಗೂ ಸಿಗಬಹುದು. ಆದಾಯದ ವರದಿ ಕೇಳದ, ಬ್ಯಾಚು ಮುಗಿಸಿ ಸರ್ಟಿಫಿಕೇಟು ಕೊಡದ ಮಿಷನ್ ಅದಾಗಿರಬೇಕು. ಪಕ್ಕದಲ್ಲಿ ಊರಿನ ದರ್ಜಿ ಅಂಗಡಿಗಳಿಂದ ಬಂದ ತುಂಡುಬಟ್ಟೆಯ ಚೀಲ, ಮೊಟ್ಟೆ ಕೇಂದ್ರದಿಂದ ತಂದ ತೂತುಗೂಡಿನ ಡಬ್ಬಿ. ಎಲ್ಲಕ್ಕಿಂತ ಮುಖ್ಯವಾಗಿ ಸೊಂಟದೆತ್ತರದ ಅಗಲವಾದ ಮೇಜು. ಮನೆಗಳಲ್ಲಿ ಬಟ್ಟೆ ಕತ್ತರಿಸುವವರು ಬೆನ್ನು ಬಾಗಿಸಿ ನೆಲದ ಮೇಲೆ ಕೂರುತ್ತಾರೆ, ಮಕ್ಕಳು ಎದ್ದುಬಂದರೆ ಹರಡಿದ್ದನ್ನೆಲ್ಲ ಸುತ್ತಿಡಬೇಕಾಗುತ್ತದೆ. ಅರ್ಧ ಕತ್ತರಿಸಿದ ಬಟ್ಟೆಯನ್ನು ಹಾಗೆಯೇ ಬಿಟ್ಟು ಹೋಗಿ, ನಾಳೆ ಬಂದು ಮತ್ತೆ ನೋಡಿ, ಬೇರೆ ಕಡೆಯಿಂದ ಕತ್ತರಿ ಹಾಕಲು ಆ ಮೇಜು ಬೇಕು.